ಅಮ್ಮನ ಲೆಕ್ಕದ ಮೆಟ್ಟಿಲು

ಜನವರಿ 9

ಮೊಂಡ,

ನಿನ್ನ ಕೇಂದ್ರದವರು ವಾರಕ್ಕೆ ಒಂದೇ ಪತ್ರ ಒಳಗೆ ಬಿಡುತ್ತಾರಂತೆ, ಅದನ್ನೂ ಒಡೆದು ನೋಡಿ ಕೊಡುತ್ತಾರಂತೆ. ನೋಡಿಕೊಳ್ಳಲಿ. ಲಕೋಟೆಯಲ್ಲಿ ಬಾಟಲಿ ಹಿಡಿಸುವುದಿಲ್ಲ ಎಂದು ಅವರಿಗೂ ಗೊತ್ತಿರಬೇಕು.

ಕುಡಿತ ಬಿಡಿಸಲು ನಿನ್ನನ್ನು ಅಲ್ಲಿ ಸೇರಿಸಿದ ದಿನ ನಿನ್ನ ಫೋನನ್ನು ನನ್ನ ಕೈಗೆ ಕೊಟ್ಟರಲ್ಲ, ಅದನ್ನು ಆಗಾಗ ಚಾರ್ಜಿಗೆ ಹಾಕುತ್ತಿದ್ದೇನೆ. ನಿನ್ನೆ ಅದರಲ್ಲಿ ಒಂದು ಸಂದೇಶ ಬಂತು. ನೀನು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟಿದ್ದೀಯಂತೆ. ಹುಡುಕಲು ಹೋದವರೆಲ್ಲ ಬರಿಗೈಯಲ್ಲಿ ಬಂದಿದ್ದಾರಂತೆ. ಡಬ್ಬಿ ಅಲ್ಲಿದೆಯೋ ಇಲ್ಲವೋ ನೋಡಿ ಮಾರ್ಚ್ ಹದಿನೈದರೊಳಗೆ ತಿಳಿಸದಿದ್ದರೆ ಪಟ್ಟಿಯಿಂದ ತೆಗೆದುಹಾಕುತ್ತಾರಂತೆ. ಇದೇನು ಹೊಸ ಅವತಾರ? ಅಳಿಸಿ ಹಾಕಲೇ?

ಇಲ್ಲಿ ಹೇಳುವಂಥದ್ದೇನಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಉಪಕರಣಗಳನ್ನು ತೊಳೆದು, ಆವಿಯಲ್ಲಿಟ್ಟು, ಎಣಿಸಿ ಟ್ರೇಗೆ ಜೋಡಿಸಲು ನಾವು ನಾಲ್ವರಿದ್ದೆವು, ಈಗ ಇಬ್ಬರು. ಕಣ್ಣು ಮುಚ್ಚಿದರೂ ಕತ್ತರಿ ಇಕ್ಕಳಗಳೇ ಕಾಣುತ್ತವೆ. ಮನೆಗೆ ಬಂದರೆ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಕೂತಿದೆ. ಲಿಫ್ಟ್ ಮೆಕ್ಯಾನಿಕ್‌ನ ಅಕ್ಕ ಮೂರು ಮಹಡಿ ಹತ್ತಿ ಇಳಿಯುತ್ತಿದ್ದಾಳೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಿನ್ನ ಸಮಾಲೋಚಕಿ ಫೋನ್ ಮಾಡಿದ್ದರು. ಮಾರ್ಚ್ ಕೊನೆಗೆ ನಿನ್ನನ್ನು ಬಿಡುತ್ತಾರೆ, ಯಾರ ಮನೆಗೆ ಕಳಿಸಬೇಕು ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ. ನಿನಗೂ ಅದನ್ನೇ ಹೇಳುತ್ತಿದ್ದೇನೆ, ಹಿಂದೊಂದು ಮುಂದೊಂದು ಆಡುವುದು ನನಗೆ ಬರುವುದಿಲ್ಲ. ಹೋದ ವರ್ಷ ನೀನು ಕುಡಿದು ನಮ್ಮ ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದೆಯಲ್ಲ, ನನ್ನ ಮಗಳು ಈಗಲೂ ಆ ಜಾಗದಲ್ಲಿ ಗೋಡೆಗೆ ಅಂಟಿಕೊಂಡೇ ಹತ್ತುತ್ತಾಳೆ.

ಅಕ್ಕ

---

ಜನವರಿ 17

ಅಕ್ಕ,

ಅಳಿಸಬೇಡ, ಕೈ ಮುಗೀತೀನಿ.

ಅದಕ್ಕೆ ಜಿಯೋಕ್ಯಾಶಿಂಗ್ ಅಂತಾರೆ. ದೊಡ್ಡವರ ಕಣ್ಣಾಮುಚ್ಚಾಲೆ ಅಂದುಕೋ. ಒಬ್ಬ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ವೆಬ್‌ಸೈಟಿಗೆ ಹಾಕುತ್ತಾನೆ. ಉಳಿದವರು ಫೋನ್ ಹಿಡಿದು ಹೋಗಿ ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಕಾಗದದ ಸುರುಳಿಯಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರುತ್ತಾರೆ. ಬಹುಮಾನ ಗಿಹುಮಾನ ಏನೂ ಇಲ್ಲ. ನನ್ನದು ಒಗಟಿನ ಡಬ್ಬಿ. ಒಗಟು ಬಿಡಿಸಿದರೆ ಮಾತ್ರ ಜಾಗದ ಅಂಕಿ ಸಿಗುತ್ತದೆ. ಲಿಫ್ಟ್ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದ ಮೇಲೂ ನಾನು ನೆಟ್ಟಗೆ ಮಾಡಿದ್ದು ಅದೊಂದೇ. ಅದೂ ಹೋಗುವುದು ಬೇಡ.

ನೀನು ಒಂದು ಸಲ ಹೋಗಿ ನೋಡಿಬಿಡು. ಎಲ್ಲಿದೆ ಅಂತ ನಾನೇ ಹೇಳಿಬಿಡಬಹುದಿತ್ತು, ಆದರೆ ಮಾಲೀಕ ಬಾಯಿಬಿಟ್ಟರೆ ಆಟ ಕೆಟ್ಟಿತು ಅಂತ ನಿಯಮ. ಬಿಡಿಸಿಯೇ ಹೋಗಬೇಕು. ಒಗಟು ನಾವು ಹುಟ್ಟಿ ಬೆಳೆದ ಆ ಬಾಡಿಗೆ ಮನೆಯದು, ನಿನಗೆ ನೀರು ಕುಡಿದಷ್ಟು ಸುಲಭ. ಮೊದಲು ಕೈ ಪಳಗಲಿ, ಹತ್ತಿರದ್ದೊಂದು ಸುಲಭದ ಡಬ್ಬಿ ಹುಡುಕು. ಕಣ್ಣಿನಿಂದ ಹುಡುಕಬೇಡ, ಕೈಯಿಂದ ಹುಡುಕು. ಕಬ್ಬಿಣ ಕಂಡರೆ ಅಡಿಯಲ್ಲಿ ತಡವು, ಅಯಸ್ಕಾಂತ ಹಚ್ಚಿ ಅಂಟಿಸಿರುತ್ತಾರೆ.

ಬಿಡುಗಡೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ಅಡುಗೆಮನೆಯಲ್ಲಿ ಆಳು ಬೇಕಂತೆ. ಹೋಗಲು ಮನೆಯಿಲ್ಲದವರಿಗೆ ಪಕ್ಕದ ಕಟ್ಟಡದಲ್ಲಿ ಹಾಸಿಗೆ ಕೊಡುತ್ತಾರೆ. ಜಾಗ ಚೆನ್ನಾಗಿಯೇ ಇದೆ.

ತಮ್ಮ

---

ಜನವರಿ 28

ಮೊಂಡ,

ನಿನ್ನ ಜಾಗ ಚೆನ್ನಾಗಿದೆ ಎಂದು ಕೇಳಿ ಸಂತೋಷ. ಅಲ್ಲೇ ಇರುವ ಮನಸ್ಸಿದ್ದರೆ ನಾನು ಯಾಕೆ ಅಡ್ಡ ಬರಲಿ.

ಗ್ರಂಥಾಲಯದ ಹಿಂದಿನ ಡಬ್ಬಿ ಹುಡುಕಿದೆ. ಶಿಫ್ಟ್ ಮುಗಿಸಿ, ಕಾಲು ಊದಿಕೊಂಡು, ಈ ವಯಸ್ಸಿನಲ್ಲಿ ಕಬ್ಬಿಣದ ಬೇಲಿ ತಡವುತ್ತಾ ನಿಂತಿದ್ದೆ. ಕಾವಲುಗಾರ ಬಂದ.

"ಏನಮ್ಮಾ ಕಳ್ಕೊಂಡ್ರಿ?"

ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಓಲೆ."

ಅವನು ನನ್ನ ಎರಡೂ ಕಿವಿ ನೋಡಿದ. "ಎರಡೂ ಇದಾವಲ್ಲ?"

"ಇದು ಬೇರೆ ಜೋಡಿ."

ಪಾಪದ ಮನುಷ್ಯ, ಕಡ್ಡಿ ಹಿಡಿದು ಹುಲ್ಲೆಲ್ಲ ಕೆದಕಿದ. ಇಲ್ಲದ ಓಲೆಗೆ ಇಷ್ಟು ಮರುಗುವವನನ್ನು ನಾನು ನೋಡಿರಲಿಲ್ಲ. ನಾಚಿಕೆಯಾಗಿ ಮನೆಗೆ ಬಂದು, ಮರುದಿನ ಅವನ ಊಟದ ಹೊತ್ತಿಗೆ ಮತ್ತೆ ಹೋದೆ. ಬೇಲಿಯ ಬೋಲ್ಟುಗಳಲ್ಲಿ ಒಂದು ಸುಳ್ಳು ಬೋಲ್ಟು, ಎಳೆದರೆ ಕೈಗೇ ಬಂತು. ಒಳಗೆ ಕಾಗದ. ಹೆಸರು ಬರೆದೆ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯಾಯಿತು. ಮನೆ ತಲುಪುವಷ್ಟರಲ್ಲಿ ಅದೂ ಕರಗಿತ್ತು.

ಆಮೇಲೆ ನಿನ್ನ ಡಬ್ಬಿಯ ಪುಟ ತೆರೆದೆ. ಬಚ್ಚಿಟ್ಟದ್ದು ಹೋದ ವರ್ಷ ಆಗಸ್ಟ್ ಎಂದಿದೆ. ಆಗಸ್ಟಿನಲ್ಲಿ ನೀನು ಸತ್ತಿದ್ದೀಯೋ ಬದುಕಿದ್ದೀಯೋ ಎಂದು ನಾನು ಸಿಕ್ಕ ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕುಡಿದು ನನ್ನ ಮೆಟ್ಟಿಲು ಹತ್ತಬೇಡ ಎಂದು ಅಂದದ್ದಕ್ಕೆ ಸೇಡು ತೀರಿಸುತ್ತಿದ್ದಾನೆ ಎಂದುಕೊಂಡಿದ್ದೆ. ಈಗ ನೋಡಿದರೆ ನೀನು ಡಬ್ಬಿ ಆಟ ಆಡಿಕೊಂಡಿದ್ದೆ.

ಆದರೂ ಹಿಡಿದ ಕೆಲಸ ಬಿಡುವವಳಲ್ಲ ನಾನು. ರಜೆಯ ದಿನ ಹಳೆಯ ಮನೆಗೆ ಹೋಗಿ ಬರುತ್ತೇನೆ.

ಅಕ್ಕ

---

ಫೆಬ್ರವರಿ 4

ಅಕ್ಕ,

ಓಲೆ ಕಥೆಯನ್ನು ಇಲ್ಲಿ ಊಟದ ಹೊತ್ತಿಗೆ ಓದಿದೆ. ಪಕ್ಕದ ಮಂಚದ ಬಸ್ ಡ್ರೈವರ್, ನಾನು ಬಂದಾಗಿನಿಂದ ಮುಖ ಗಂಟಿಕ್ಕಿಕೊಂಡೇ ಇದ್ದವನು, ನಕ್ಕು ನೆತ್ತಿಗೆ ಹತ್ತಿಸಿಕೊಂಡ.

ಆಗಸ್ಟಿನ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಹೇಳುವಂಥದ್ದಿದ್ದರೆ ಬರೆಯುತ್ತಿದ್ದೆ.

ಒಗಟಿನ ಪ್ರಶ್ನೆಗಳನ್ನು ಇದ್ದ ಹಾಗೇ ಒಂದು ಸಲ ಬರೆದು ಕಳಿಸುತ್ತೀಯಾ? ಅಂಕಿ ಏನೇನು ಬಂತು, ಜಾಗ ಎಲ್ಲಿಗೆ ಬಂತು ಅಂತಾನೂ ಬರಿ. ಸುಮ್ಮನೆ, ನಿನ್ನ ಲೆಕ್ಕ ಸರಿಯಿದೆಯೋ ನೋಡೋಣ ಅಂತ. ಬೇಗ ಬರಿ.

ಕೈ ನಡುಕ ಕಡಿಮೆಯಾಗಿದೆ. ಅಕ್ಷರ ನೋಡಿದರೆ ಗೊತ್ತಾಗುತ್ತದಲ್ಲ?

ತಮ್ಮ

---

ಫೆಬ್ರವರಿ 11

ತಮ್ಮ,

ಕೇಳಿದೆಯಲ್ಲ, ಬರೆಯುತ್ತೇನೆ. ಬೀದಿ ಕಡೆಗೆ ಎಷ್ಟು ಕಿಟಕಿ, ಬಾಗಿಲ ಬಳಿ ಎಷ್ಟು ಅಂಚೆ ಡಬ್ಬಿ, ಮೇಲಿನ ಮನೆಗೆ ಎಷ್ಟು ಮೆಟ್ಟಿಲು. ಮೊದಲ ಎರಡನ್ನು ರೇಖಾಂಶಕ್ಕೆ ಹಾಕಬೇಕು. ಮೆಟ್ಟಿಲ ಸಂಖ್ಯೆಯನ್ನು ಐವತ್ತರಿಂದ ಗುಣಿಸಿ ಅಕ್ಷಾಂಶಕ್ಕೆ ಹಾಕಬೇಕು. ಕೊನೆಗೆ ಒಂದು ಸುಳಿವು, "ಅಮ್ಮ ಎಣಿಸಿದ ಹಾಗೆ ಎಣಿಸಿ." ಹುಡುಕಿದವರೆಲ್ಲ ಅದರ ಕೆಳಗೆ ಜಗಳವಾಡಿದ್ದಾರೆ. ಒಬ್ಬ ನಿಧಾನವಾಗಿ ಎಣಿಸಿ ಎಂದರ್ಥ ಅಂತಾನೆ, ಇನ್ನೊಬ್ಬ ಮಾಲೀಕನಿಗೆ ತಲೆ ಕೆಟ್ಟಿದೆ ಅಂತಾನೆ.

ಹಳೆಯ ಮನೆಯಲ್ಲಿ ಈಗ ಒಬ್ಬ ಟೈಪಿಸ್ಟ್ ಇದ್ದಾಳೆ. ಮೆಟ್ಟಿಲು ಎಣಿಸಿಕೊಂಡು ಹೋಗುತ್ತೇನೆ ಎಂದರೆ ಬಾಗಿಲು ಅರ್ಧ ಮುಚ್ಚಿಕೊಂಡು ನೋಡುತ್ತಾ ನಿಂತಳು. ಆ ಮುರಿದ ಮೆಟ್ಟಿಲಿಗೆ ಸಿಮೆಂಟ್ ಮೆತ್ತಿದ್ದಾರೆ, ಬಣ್ಣ ಬೇರೆಯಾಗಿ ಕಾಣುತ್ತದೆ. ಅಮ್ಮ ನಮ್ಮಿಬ್ಬರ ಕೈ ಹಿಡಿದು ಹತ್ತಿಸುತ್ತಿದ್ದದ್ದು ನೆನಪಾಯಿತು. ಹದಿನೇಳು ಮೆಟ್ಟಿಲು. ಇಳಿಯುವಾಗ ಮತ್ತೊಮ್ಮೆ ಎಣಿಸಿದೆ, ಟ್ರೇ ಎಣಿಸುವವಳ ಚಟ. ಹದಿನೇಳೇ.

ಅಂಕಿ ಹಾಕಿದರೆ ಫೋನ್ ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಗೊತ್ತೇ? ನಮ್ಮದೇ ಬೀದಿಗೆ. ನಮ್ಮ ಮನೆ ದಾಟಿ, ಮುಂದಿನ ತಿರುವಿನಲ್ಲಿರುವ ಬಾರಿನ ಹಿತ್ತಲಿಗೆ. ಖಾಲಿ ಬಾಟಲಿಗಳ ರಾಶಿಯ ಮಧ್ಯೆ ನಿಂತು, ನೀನು ಹೇಳಿದ ಹಾಗೆ ಕಬ್ಬಿಣ ಕಂಡಲ್ಲೆಲ್ಲ ಕೈ ಹಾಕಿದೆ. ಒಳಗಿನಿಂದ ಒಬ್ಬ "ಅಕ್ಕಾ, ಖಾಲಿ ಬಾಟ್ಲಿ ಬೇಕಾ?" ಎಂದ. ಡಬ್ಬಿಯೂ ಇಲ್ಲ, ಸುಡುಗಾಡೂ ಇಲ್ಲ.

ಅಂದರೆ ನೀನು ಕುಡಿಯಲು ಅಲ್ಲಿಯವರೆಗೆ ಬರುತ್ತಿದ್ದೆ. ನನ್ನ ಬಾಗಿಲ ಮುಂದೆ ಹಾದು ಹೋಗುತ್ತಿದ್ದೆ. ನಾನು ಊರೆಲ್ಲ ಹುಡುಕುತ್ತಿದ್ದಾಗ ನೀನು ಕೂಗಿದರೆ ಕೇಳುವಷ್ಟು ದೂರದಲ್ಲಿ ಗ್ಲಾಸು ಹಿಡಿದು ಕೂತಿದ್ದೆ. ಅದರ ನೆನಪಿಗೆ ಡಬ್ಬಿ ಬೇರೆ. ಅದಕ್ಕೆ ಅಮ್ಮನ ಹೆಸರು ಬೇರೆ.

ನನಗೆ ಸಾಕಾಗಿದೆ. ಕೋಪ ಮಾಡಿಕೊಳ್ಳುವಷ್ಟು ತ್ರಾಣವೂ ಇಲ್ಲ.

ಅಕ್ಕ

---

ಫೆಬ್ರವರಿ 26

ಅಕ್ಕ,

ನಿಯಮ ಗಿಯಮ ಅಂದದ್ದು ಸುಳ್ಳು. ಡಬ್ಬಿ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ.

ಒಗಟು ಮಾಡಿದ್ದು ಮಸುಕಾಗಿ ನೆನಪಿದೆ. ಬಚ್ಚಿಟ್ಟದ್ದು ನೆನಪಿಲ್ಲ. ಆ ಬೇಸಿಗೆಯಿಂದ, ಇಲ್ಲಿಗೆ ಸೇರಿಸುವ ಮುಂಚೆ ಆಸ್ಪತ್ರೆಯಲ್ಲಿ ನೀನು ನನ್ನ ಮುಖ ಒರೆಸಿದ ದಿನದವರೆಗೆ ಏನೇನು ಮಾಡಿದೆ, ಎಲ್ಲೆಲ್ಲಿ ಕೂತೆ, ಒಂದೂ ಇಲ್ಲ. ಅಷ್ಟು ತಿಂಗಳಲ್ಲಿ ನಾನು ಒಂದಾದರೂ ಒಳ್ಳೆಯ ಜಾಗದಲ್ಲಿ ಇದ್ದೆನಾ ಅಂತ ತಿಳಿಯಬೇಕಿತ್ತು. ಆ ಡಬ್ಬಿ ಸಿಕ್ಕರೆ ಗೊತ್ತಾಗುತ್ತದೆ ಅಂದುಕೊಂಡೆ. ಕೇಳಿದರೆ ನೀನು ನಗುತ್ತೀಯ ಅಂತ ಹೇಳಲಿಲ್ಲ. ತನ್ನ ಒಗಟು ತನಗೇ ಬಿಡಿಸಲಾಗದವನನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ?

ಗೊತ್ತಾಯಿತಲ್ಲ. ಬಾರಿನ ಹಿತ್ತಲು. ಬೇರೆಲ್ಲಿಗೆ ಹೋಗುತ್ತಿದ್ದೆ ನಾನು? ಮೆಟ್ಟಿಲು ಹದಿನೇಳಲ್ಲವೇನೋ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಎಣಿಸಿದವಳು ನೀನು. ನನ್ನ ತಲೆಗಿಂತ ನಿನ್ನ ಎಣಿಕೆಯನ್ನೇ ನಂಬುತ್ತೇನೆ.

ಪಟ್ಟಿಯಿಂದ ತೆಗೆದುಹಾಕಲಿ ಬಿಡು.

ತಮ್ಮ

---

ಮಾರ್ಚ್ 3

ತಮ್ಮ,

ಪತ್ರ ಬಂತು. ನಿನ್ನ ಸಮಾಲೋಚಕಿಗೆ ಫೋನ್ ಮಾಡಿ, ನನ್ನ ಮನೆಯಲ್ಲಿ ಆಗುವುದಿಲ್ಲ ಎಂದು ಹೇಳಿದೆ. ಪಕ್ಕದ ಕಟ್ಟಡದ ಹಾಸಿಗೆಗೆ ನಿನ್ನ ಹೆಸರು ಬರೆಸಿಕೋ. ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ, ನನಗೆ ಕೆಲಸ ಕೊರಳಮಟ್ಟ ಇದೆ. ಬಟ್ಟೆ ಕಳಿಸುತ್ತೇನೆ.

ಅಕ್ಕ

---

ಮಾರ್ಚ್ 7

ಸರಿ ಅಕ್ಕ. ಬರೆಸಿಕೊಂಡೆ. ಕಿಟಕಿ ಪಕ್ಕದ್ದೇ ಸಿಕ್ಕಿದೆ.

ತಮ್ಮ

---

ಮಾರ್ಚ್ 13

ಮೊಂಡ,

ಸಮಾಧಾನವಾಗಿ ಕೂತು ಓದು. ಉದ್ದ ಪತ್ರ.

ಮೊನ್ನೆ ಆಸ್ಪತ್ರೆಯಲ್ಲಿ ಸಾಮಾನಿನ ಲಿಫ್ಟ್ ಕೈಕೊಟ್ಟಿತು. ಟ್ರೇಗಳನ್ನೆಲ್ಲ ಮೆಟ್ಟಿಲಲ್ಲೇ ಹೊರಬೇಕು. ದೊಡ್ಡ ಟ್ರೇಯನ್ನು ಇಬ್ಬರು ಹಿಡಿದಿದ್ದೆವು, ನಾನು ಮೇಲೆ, ಹೊಸದಾಗಿ ಸೇರಿದವಳು ಕೆಳಗೆ. ಅವಳು ಹಿಮ್ಮುಖವಾಗಿ ಇಳಿಯಬೇಕಿತ್ತು, ಕಾಲ ಕೆಳಗಿನ ಮೆಟ್ಟಿಲು ಕಾಣುತ್ತಿರಲಿಲ್ಲ. ಅದಕ್ಕೆ ನಾನು ಗಟ್ಟಿಯಾಗಿ ಎಣಿಸುತ್ತಾ ಇಳಿಸಿದೆ. ಇಳಿದ ಮೇಲೆ ಅವಳು ಕೇಳಿದಳು.

"ಐದು ಎಲ್ಲಿ ಹೋಯ್ತಕ್ಕಾ?"

"ಯಾವ ಐದು?"

"ನೀವು ಒಂದು, ಎರಡು, ಮೂರು, ನಾಲ್ಕು, ಜೋಕೆ, ಐದು ಅಂದ್ರಿ. ಐದನೇದಕ್ಕೆ ಜೋಕೆ ಅಂದ್ರೆ ಐದು ಆರನೇದಾಗತ್ತಲ್ವಾ?"

ನಾನು ಟ್ರೇ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಅವಳು ತಲೆಸುತ್ತು ಬಂತೇನೋ ಎಂದು ನೀರು ತಂದಳು.

ನೆನಪಾಯಿತೇ? ನಮ್ಮ ಹಳೆಯ ಮನೆಯ ಐದನೇ ಮೆಟ್ಟಿಲು ಮುರಿದಿತ್ತು. ಅಮ್ಮ ನಮ್ಮ ಕೈ ಹಿಡಿದು ಹತ್ತಿಸುವಾಗ ಅಲ್ಲಿ ಐದು ಎನ್ನುತ್ತಲೇ ಇರಲಿಲ್ಲ. ಜೋಕೆ ಎಂದು ದಾಟಿಸಿ, ಮುಂದಿನದಕ್ಕೆ ಐದು ಎನ್ನುತ್ತಿದ್ದಳು. ಶಾಲೆಯಲ್ಲಿ ನೀನು ನಾಲ್ಕಾದ ಮೇಲೆ ಜೋಕೆ ಎಂದು ಏಟು ತಿಂದಿದ್ದೆಯಲ್ಲ. ಹಾಗಾಗಿ ಹದಿನೇಳು ಮೆಟ್ಟಿಲಿದ್ದರೂ ಅಮ್ಮನ ಲೆಕ್ಕಕ್ಕೆ ಹದಿನಾರು. ಊರಿನವರೆಲ್ಲ ಹದಿನೇಳು ಎಣಿಸಿ ಬಾರಿನ ಹಿತ್ತಲು ಕೆದಕಿದ್ದಾರೆ. ಅವರ ಜೊತೆ ನಾನೂ. ಟ್ರೇ ಎಣಿಸುವ ಜಾಣೆ, ಸುಳಿವನ್ನು ಮೂಗಿನ ಮುಂದೆ ಇಟ್ಟುಕೊಂಡು ಹೋಗಿ ಎಡವಿದೆ. ನಿನಗೆ ಹದಿನೇಳಲ್ಲವೇನೋ ಅನ್ನಿಸಿದ್ದು ಸರಿಯಾಗಿತ್ತು. ಇನ್ನೊಂದು ಸಲ ಅನ್ನಿಸಿದರೆ ಬಾಯಿಬಿಟ್ಟು ಹೇಳು.

ಹದಿನಾರು ಹಾಕಿದೆ. ಜಾಗ ಒಂದು ಬೀದಿಯಷ್ಟು ಈಚೆಗೆ ಬಂತು. ನಮ್ಮ ಮನೆಯ ಎದುರು ಬಸ್ ಸ್ಟಾಪಿನ ಹಿಂದೆ ಕಬ್ಬಿಣದ ಬೆಂಚಿದೆಯಲ್ಲ, ಹಸಿರು ಬಣ್ಣದ್ದು, ಅಲ್ಲಿಗೆ. ಕೆಲಸ ಮುಗಿಸಿ, ಚೀಲವನ್ನೂ ಇಳಿಸದೆ ಹೋಗಿ ಕೂತೆ. ಅಡಿಯಲ್ಲಿ ಕೈ ಆಡಿಸಿದೆ. ಮೂಲೆಯಲ್ಲಿ ಪುಟ್ಟ ಡಬ್ಬಿ, ಬೆಂಚಿನದೇ ಹಸಿರು ಬಳಿದಿದ್ದೀಯ. ಒಳಗಿನ ಕಾಗದ ಖಾಲಿ. ಮೊದಲ ಹೆಸರು ನನ್ನದು.

ಹೆಸರು ಬರೆದು ತಲೆ ಎತ್ತಿದರೆ ನೇರ ಎದುರಿಗೆ ನಮ್ಮ ಅಡುಗೆಮನೆ ಕಿಟಕಿ. ಆ ಬೆಂಚಿನಿಂದ ಬೇರೇನೂ ಕಾಣುವುದಿಲ್ಲ ಮೊಂಡ. ಒಂದು ಕಡೆ ಬಸ್ ಸ್ಟಾಪಿನ ಗೋಡೆ, ಇನ್ನೊಂದು ಕಡೆ ಮರ.

ಪಕ್ಕದಲ್ಲಿ ಕೀಲಿ ಮಾಡುವವನ ಗೂಡಂಗಡಿ. ಅವನು ನನ್ನ ಕೈಯಲ್ಲಿದ್ದದ್ದು ನೋಡಿದ.

"ಅದು ಲಿಫ್ಟ್ ರಿಪೇರಿಯವ್ರದ್ದಲ್ವಾ? ನನ್ನತ್ರಾನೇ ಮ್ಯಾಗ್ನೆಟ್ ಇಸ್ಕೊಂಡಿದ್ರು."

"ಅವ್ನು ಇಲ್ಲಿಗೆ ಬರ್ತಿದ್ನಾ?"

"ದಿನಾ ಸಂಜೆ. ಎದುರಿಗೆ ಮೂರನೇ ಮಹಡೀಲಿ ದೀಪ ಹತ್ತೋವರೆಗೂ ಕೂರ್ತಿದ್ರು. ಹತ್ತಿದ್ಮೇಲೆ ಎದ್ದು ಆ ಕಡೆ ಬಾರಿಗೆ ಹೋಗ್ತಿದ್ರು. ಯಾರಾದ್ರೂ ಬೇಕಾದವ್ರಿದ್ರೆ ಹೋಗಿ ಮಾತಾಡ್ಸಿ ಅಂದೆ ಒಂದಿನ. ಮೆಟ್ಟಿಲು ಹತ್ತಬೇಡ ಅಂದಿದಾರೆ ಅಂದ್ರು."

ನಾನು ಅಂದದ್ದು ಕುಡಿದು ಹತ್ತಬೇಡ ಎಂದು. ಕುಡಿಯದೆ ಬರಬಹುದಿತ್ತು. ಅಂಥ ದಿನವೇ ಆಗ ನಿನಗೆ ಇರಲಿಲ್ಲವೇನೋ. ನೀನು ನನ್ನನ್ನು ಮರೆತೆ ಎಂದು ಎಂಟು ತಿಂಗಳು ನಿನ್ನನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಎಲ್ಲ ಮರೆತವನು ನನ್ನ ಮಾತೊಂದನ್ನು ಮಾತ್ರ ಮರೆಯದೆ ಕೆಳಗೇ ಕೂತಿದ್ದ. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಕೀಲಿಯವನು ಅರದಿಂದ ಜೋರಾಗಿ ಉಜ್ಜುತ್ತಾ ಏನೂ ಕಾಣದವನ ಹಾಗೆ ಇದ್ದ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಗೊತ್ತಿತ್ತಮ್ಮ."

"ಏನ್ ಗೊತ್ತಿತ್ತು?"

"ಮಾವ ಅಲ್ಲಿ ಕೂರ್ತಿದ್ದದ್ದು. ದೀಪ ಹಾಕಿದ್ರೆ ಎದ್ದು ಹೋಗ್ತಿದ್ರು. ಚಳೀಲಿ ಕೂತಿರ್ತಾರಲ್ಲ ಅಂತ ನಾನು ಬೇಗ ಹಾಕ್ತಿದ್ದೆ. ಮನೆಗೆ ಹೋಗ್ತಾರೆ ಅಂದ್ಕೊಂಡಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಿಟಕಿಗೆ ಪರದೆ ಹಾಕ್ತಿದ್ದೆ."

ಹಾಕುತ್ತಿದ್ದೆನೋ ಏನೋ. ನಾನು ಆಗ ಸಂಜೆ ಶಿಫ್ಟಿನಲ್ಲಿದ್ದೆ, ಮನೆಯಲ್ಲಿ ದೀಪ ಹಚ್ಚುತ್ತಿದ್ದವಳು ಅವಳೇ. ನೀನು ಅಕ್ಕ ಬಂದಳು ಎಂದುಕೊಂಡು ಏಳುತ್ತಿದ್ದೆಯೇನೋ. ನೆನಪಿಲ್ಲದವನನ್ನು ಕೇಳಿ ಏನು ಪ್ರಯೋಜನ.

ಡಬ್ಬಿಯನ್ನು ಅಲ್ಲೇ ಅಂಟಿಸಿ ಬಂದಿದ್ದೇನೆ. ವೆಬ್‌ಸೈಟಿನವರಿಗೆ, ಡಬ್ಬಿ ಇದೆ, ಸರಿಯಾಗಿ ಎಣಿಸಿದವರಿಗೆ ಸಿಗುತ್ತದೆ ಎಂದು ಬರೆದೆ. ನೀನು ಕೇಳಿದ್ದಕ್ಕೆ ಉತ್ತರ ಇದು, ಹೌದು, ಒಳ್ಳೆಯ ಜಾಗದಲ್ಲೇ ಕೂತಿದ್ದೆ. ಅಲ್ಲಿಂದ ಎದ್ದು ಹೋದದ್ದು ಬಾರಿಗೆ, ಅದೂ ನಿಜ. ಎರಡನ್ನೂ ನೆನಪಿಟ್ಟುಕೋ.

ಇವತ್ತು ಸಮಾಲೋಚಕಿಗೆ ಮತ್ತೆ ಫೋನ್ ಮಾಡಿದೆ. ಆ ಕಿಟಕಿ ಪಕ್ಕದ ಹಾಸಿಗೆ ಬೇರೆ ಯಾರಿಗಾದರೂ ಕೊಡಲಿ. ಇಪ್ಪತ್ತೆಂಟಕ್ಕೆ ರಜೆ ಹಾಕಿದ್ದೇನೆ, ನಾನೇ ಬರುತ್ತೇನೆ. ನನಗೆ ಸುಸ್ತಾಗಿದೆ ಮೊಂಡ. ಮತ್ತೆ ಬಾಟಲಿ ಹಿಡಿದರೆ ನಿನ್ನನ್ನು ಇನ್ನೊಂದು ಸಲ ಹೊರುವ ಶಕ್ತಿ ನನ್ನಲ್ಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಬಾರು ಇನ್ನೂ ಅದೇ ತಿರುವಿನಲ್ಲಿದೆ, ನಾನು ಅದನ್ನು ಕಿತ್ತುಹಾಕಲಾರೆ. ಮಗಳು ತನ್ನ ಕೋಣೆಯ ಅರ್ಧ ಖಾಲಿ ಮಾಡುತ್ತಿದ್ದಾಳೆ, ನಾನು ಹೇಳಿರಲಿಲ್ಲ.

ನಮ್ಮ ಲಿಫ್ಟ್ ಇನ್ನೂ ಕೆಟ್ಟೇ ಇದೆ. ಮೆಟ್ಟಿಲು ಹತ್ತಿಯೇ ಬರಬೇಕು. ನಾಲ್ಕಾದ ಮೇಲೆ ಜೋಕೆ.

ಅಕ್ಕ